52 ಸಾವಿರದ ಹೊಸದಕ್ಕಿಂತ 26 ಸಾವಿರದ ಹಳೇ ಥಿಂಕ್‌ಪ್ಯಾಡ್ ಮೇಲು

ಲ್ಯಾಪ್‌ಟಾಪ್ ಬಗ್ಗೆ ಯಾರೇ ಕೇಳಿದರೂ ನಾನೀಗ ಹೇಳುವುದು ಇಷ್ಟೇ: ಕಂಪನಿಗಳು ನೌಕರರಿಗೆಂದು ಕೊಳ್ಳುವ ಆಫೀಸ್ ದರ್ಜೆಯದ್ದನ್ನೇ ತಗೊಳ್ಳಿ, ಹೊಸದಕ್ಕೆ ದುಡ್ಡು ಸಾಲದಿದ್ದರೆ ಸೆಕೆಂಡ್ ಹ್ಯಾಂಡ್ ಆದರೂ ಸರಿ.

ಆಲ್ದೂರು, ಮೂಡಿಗೆರೆ ಕಡೆಯ ಮೂರು ಕಾಫಿ ತೋಟಗಳ ಲೆಕ್ಕ ನೋಡಿಕೊಳ್ಳುತ್ತೇನೆ. ಲ್ಯಾಪ್‌ಟಾಪು ನನ್ನ ಜೊತೆ ಬೈಕಿನಲ್ಲೇ ಓಡಾಡುತ್ತದೆ. ತೋಟದ ರೈಟರ್ (ಗುಮಾಸ್ತ) ಕೋಣೆ, ಗೋಡೌನು, ಕಣದ ಕಟ್ಟೆ, ಕೂತಲ್ಲೇ ತೆರೆಯಬೇಕು; ದಿನಕ್ಕೆ 20 ಸಲವಾದರೂ.

2022ರಲ್ಲಿ ಚಿಕ್ಕಮಗಳೂರಿನಲ್ಲಿ 52,000 ಕೊಟ್ಟು ತಂದದ್ದು ಮನೆಬಳಕೆಯ ಮಾಡೆಲ್ಲು. ತೆಳ್ಳಗೆ ಚೆಂದವಾಗಿತ್ತು, ವೇಗಕ್ಕೂ ಕೊರತೆಯಿರಲಿಲ್ಲ. 14ನೇ ತಿಂಗಳಲ್ಲಿ ಬಲಗಡೆ ಹಿಂಜಿನ (ಮುಚ್ಚಳ ತಿರುಗುವ ಕೀಲಿನ) ಹತ್ತಿರ ‘ಟಕ್’ ಅನ್ನುವ ಸದ್ದು ಶುರುವಾಯಿತು. ಆಮೇಲಾಮೇಲೆ ಮುಚ್ಚಳ ಎತ್ತಿದರೆ ಪರದೆಯ ಅಂಚು ಬಾಯಿ ಬಿಡತೊಡಗಿತು. ಒಂದು ಶನಿವಾರ ಬಟವಾಡೆ ಮಧ್ಯದಲ್ಲೇ ಮೂಲೆ ಕಿತ್ತುಬಂತು. ಕೆಲಸದವರು ಸಾಲಾಗಿ ನಿಂತಿದ್ದಾರೆ, ನಾನು ಒಂದು ಕೈಯಲ್ಲಿ ಪರದೆ ಹಿಡಿದು ಇನ್ನೊಂದರಲ್ಲಿ ಕೂಲಿ ಲೆಕ್ಕ ಹೊಡೆಯುತ್ತಿದ್ದೇನೆ.

ರಿಪೇರಿಯವರು ಬಿಚ್ಚಿ ತೋರಿಸಿದರು. ಹಿಂಜೇನೋ ಗಟ್ಟಿ ಉಕ್ಕಿನದೇ. ಆದರೆ ಅದರ ಸ್ಕ್ರೂಗಳು ಕೂತಿದ್ದದ್ದು ಪ್ಲಾಸ್ಟಿಕ್ಕಿಗೆ ಒತ್ತಿ ಕೂರಿಸಿದ, ಮೆಣಸಿನ ಕಾಳಿನಷ್ಟು ಹಿತ್ತಾಳೆ ನಟ್ಟುಗಳಲ್ಲಿ. ಪ್ರತಿ ಸಲ ತೆರೆದಾಗಲೂ ಎಳೆತವೆಲ್ಲ ಆ ಪ್ಲಾಸ್ಟಿಕ್ಕಿನ ಮೇಲೆ. ನಟ್ಟುಗಳು ಬುಡಸಮೇತ ಎದ್ದುಬಂದಿದ್ದವು. 400 ರೂಪಾಯಿ ಕೊಟ್ಟು ಅಂಟು ಹಾಕಿಸಿದೆ, ಮೂರು ವಾರ ಬಾಳಿತು. ಸರ್ವಿಸ್ ಸೆಂಟರಿನವರು ವಾರಂಟಿ ಮುಗಿದಿದೆ ಎಂದು ಮೇಲ್ಭಾಗ ಪೂರ್ತಿ ಬದಲಿಸಲು 13,500 ಕೇಳಿದರು.

ಹೆಚ್ಚುಕಡಿಮೆ ಅಷ್ಟೇ ದುಡ್ಡು ಇನ್ನೊಮ್ಮೆ ಹೊಂದಿಸಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 26,000ಕ್ಕೆ ಲೆನೊವೊ ಕಂಪನಿಯ ಆಫೀಸ್ ದರ್ಜೆಯ ಲ್ಯಾಪ್‌ಟಾಪು, ಥಿಂಕ್‌ಪ್ಯಾಡ್ ಟಿ480 ತಂದೆ. 2018ರ ಮಾಡೆಲ್ಲು, ಯಾವುದೋ ಕಂಪನಿಯಲ್ಲಿ ದುಡಿದು ಬಂದದ್ದು. ದಪ್ಪ. ಪರದೆ ಮಂಕು, ಬಿಸಿಲಿಗೆ ಕೂತರೆ ಕಾಣುವುದೇ ಕಷ್ಟ. ಇದೊಂದರಲ್ಲಿ ಮೊದಲಿನದೇ ಮೇಲು. ಆದರೆ ಹಿಂಜು ಎರಡು ವರ್ಷವಾದರೂ ತಂದ ದಿನದಷ್ಟೇ ಬಿಗಿ. ಬ್ಯಾಟರಿ ಎರಡು, ಒಳಗೊಂದು ಹಿಂದೊಂದು. ಹಿಂದಿನದನ್ನು ಕೆಲಸ ನಿಲ್ಲಿಸದೆಯೇ ಕಳಚಿ ಬೇರೆ ಹಾಕಬಹುದು. ಆಷಾಢದ ಮಳೆಗೆ ಲೈನಿನ ಮೇಲೆ ಮರ ಬಿದ್ದು ಎರಡು ದಿನ ಕರೆಂಟಿಲ್ಲದಾಗ ಇದರಿಂದಲೇ ಜಿಎಸ್‌ಟಿ ಕೆಲಸ ಮುಗಿಸಿದ್ದೇನೆ. ರ‍್ಯಾಮ್ ನಾನೇ ಸೇರಿಸಿದೆ.

ಇದೇ ದರ್ಜೆಯ ಹೊಸದಕ್ಕೆ ಲಕ್ಷದ ಆಸುಪಾಸು ಬೇಕು, ನನ್ನ ಸಂಪಾದನೆಗೆ ಅದು ಭಾರ. ಮೇಜಿನ ಮೇಲಿಂದ ಕದಲದ ಲ್ಯಾಪ್‌ಟಾಪಾದರೆ ಮನೆಬಳಕೆಯದ್ದೂ ನಡೆಯುತ್ತದೆ.

ಹಳೆಯದು ಕೊಳ್ಳುವಾಗ ಇಂಟೆಲ್ 8ನೇ ಅಥವಾ ಅದರ ನಂತರದ ತಲೆಮಾರಿನ ಪ್ರೊಸೆಸರ್ ಇದೆಯೇ ನೋಡಿಕೊಳ್ಳಿ. ಅದಕ್ಕಿಂತ ಹಿಂದಿನವಕ್ಕೆ ಸಾಮಾನ್ಯವಾಗಿ ವಿಂಡೋಸ್ 11 ಇಲ್ಲ, ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಮುಚ್ಚಳವನ್ನು ಹತ್ತು ಸಲ ತೆರೆದು ಮುಚ್ಚಿ, ಕಿವಿಗೊಟ್ಟು ಕೇಳಿ, ಆಮೇಲೆ ದುಡ್ಡು ಕೊಡಿ.