ಹಾರ್ಟ್ ಅಟ್ಯಾಕ್ ಆದವರ ಮನೆಗೆ ಬಿಪಿ ಮೆಷಿನ್: ವಸ್ತು ಒಳ್ಳೆಯದೇ, ಇಡುವ ಜಾಗ ನೋಡಿಕೊಳ್ಳಿ

ಸ್ಟೆಂಟ್ ಹಾಕಿಸಿಕೊಂಡವರು ಡಿಸ್ಚಾರ್ಜ್ ಆಗುವುದರೊಳಗೆ ಎಷ್ಟೋ ಮನೆಗೆ ಡಿಜಿಟಲ್ ಬಿಪಿ ಮೆಷಿನ್ ಬಂದಿರುತ್ತದೆ. ಮೈಸೂರಿನ ಕೆ.ಆರ್. ಆಸ್ಪತ್ರೆ ಸುತ್ತಲಿನ ಮೆಡಿಕಲ್ ಸ್ಟೋರ್‌ಗಳಲ್ಲಿ ಕೇಳಿದರೆ ಎರಡು ಮೂರು ಡಬ್ಬಿ ತೆಗೆದು ಮುಂದಿಡುತ್ತಾರೆ. ತೋಳಿಗೆ ಕಟ್ಟುವುದನ್ನೇ ತೊಗೊಳ್ಳಿ. ಮಣಿಕಟ್ಟಿನದು ಬೇಡ, ಕೈ ಎದೆಮಟ್ಟಕ್ಕಿಂತ ಕೊಂಚ ಕೆಳಗಿದ್ದರೂ ಅಂಕಿ ಏರಿಬಿಡುತ್ತದೆ.

ಬ್ರ್ಯಾಂಡ್‌ಗಿಂತ ಮುಖ್ಯ ಪಟ್ಟಿಯ ಅಳತೆ. ಜೊತೆಗೆ ಬರುವ ಪಟ್ಟಿ ಸಾಮಾನ್ಯವಾಗಿ 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿಗೆ. ತೋಳು ಅದಕ್ಕಿಂತ ದಪ್ಪಗಿದ್ದರೆ ಬಿಪಿ ಇರುವುದಕ್ಕಿಂತ ಜಾಸ್ತಿ ಕಾಣಿಸುತ್ತದೆ, ಇಲ್ಲದ ಬಿಪಿಗೆ ಹೆದರುವುದು ಅಲ್ಲಿಂದಲೇ ಶುರು. ಟೈಲರ್ ಟೇಪಿನಲ್ಲಿ ತೋಳಿನ ನಡುಭಾಗ ಅಳೆದುಕೊಂಡೇ ಅಂಗಡಿಗೆ ಹೋಗಿ.

ನೋಡುವ ಅರ್ಧ ಗಂಟೆ ಮುಂಚೆ ಕಾಫಿ, ಬೀಡಿ ಇಲ್ಲ. ಮೂತ್ರಕ್ಕೆ ಹೋಗಿಬಂದು, ಒರಗುವ ಕುರ್ಚಿಯಲ್ಲಿ ಕಾಲು ನೆಲಕ್ಕೂರಿ 5 ನಿಮಿಷ ಮಾತಿಲ್ಲದೆ ಕೂರಬೇಕು. ಪಟ್ಟಿ ಬರಿ ತೋಳಿಗೆ, ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲೆ. ಒಂದು ನಿಮಿಷ ಬಿಟ್ಟು ಎರಡನೇ ಸಲ. ಬೆಳಿಗ್ಗೆ ಮಾತ್ರೆಗೆ ಮೊದಲು, ರಾತ್ರಿ ಊಟಕ್ಕೆ ಮೊದಲು, ಡಾಕ್ಟರ್ ಹೇಳಿದಷ್ಟು ದಿನ. ಅಷ್ಟೇ.

ಅಷ್ಟಕ್ಕೇ ನಿಲ್ಲುವುದಿಲ್ಲ, ತೊಂದರೆ ಅದೇ. ರಾತ್ರಿ ಎರಡೂವರೆಗೆ ಎದೆ ಡವಡವ ಎನ್ನುತ್ತದೆ, ಕೈ ತಲೆದೆಸೆಯ ಮೆಷಿನ್‌ಗೆ ಹೋಗುತ್ತದೆ. ಮೇಲಿನ ಅಂಕಿ 148. ಗಾಬರಿಯಲ್ಲಿ ಮತ್ತೊಮ್ಮೆ, 156. ಪರದೆಯ ಮೂಲೆಯಲ್ಲಿ ಹೃದಯದ ಚಿತ್ರ ಮಿಣುಕುತ್ತಿರುತ್ತದೆ. ಹೆಚ್ಚಿನ ಮೆಷಿನ್‌ಗಳಲ್ಲಿ ಅದು ನಾಡಿಯ ಜೊತೆ ಮಿಣುಕುವ ಗುರುತು ಮಾತ್ರ. ಬಡಿತ ಏರುಪೇರಾದರೆ ಬರುವ ಗುರುತು ಬೇರೆ. ಅದು ಕೈ ಅಲ್ಲಾಡಿದರೂ ಬರಬಹುದು, ಆದರೆ ಪದೇಪದೇ ಬಂದರೆ ಇಸಿಜಿ ಮಾಡಿಸಿ. ಮೆಷಿನ್ ಜೊತೆ ಬರುವ ಪುಸ್ತಕದಲ್ಲಿ ಎರಡೂ ಚಿತ್ರ ಇರುತ್ತವೆ, ಬಿಡಿಸಿ ನೋಡುವವರೇ ಕಡಿಮೆ.

ಎಲ್ಲರೂ ಹೀಗೆ ಸಿಕ್ಕಿಕೊಳ್ಳುವುದಿಲ್ಲ. ಮೊದಲಿನಿಂದ ಆತಂಕ ಅಥವಾ ಖಿನ್ನತೆ ಇದ್ದವರು, ಐಸಿಯುನಲ್ಲಿ ನಿದ್ದೆಗೆಟ್ಟು ಭ್ರಮೆ ಕಂಡವರು, ಒಂಟಿಯಾಗಿರುವವರು, ಆಸ್ಪತ್ರೆ ಸಾಲದ ಚಿಂತೆಯವರು ಬೇಗ ಈ ಗಾಬರಿಗೆ ಬೀಳುತ್ತಾರೆ. ಬೀಡಿ, ಸಿಗರೇಟು ಈಗಷ್ಟೇ ಬಿಟ್ಟವರಿಗೆ ನಿಕೋಟಿನ್ ಇಲ್ಲದ ಚಡಪಡಿಕೆಯೂ ಸೇರಿಕೊಳ್ಳುತ್ತದೆ. ರಕ್ತ ಹೆಪ್ಪುಗಟ್ಟದಿರಲು ಕೊಡುವ ಟಿಕಾಗ್ರೆಲರ್ ಮಾತ್ರೆ ಕೆಲವರಿಗೆ ಉಸಿರು ಸಾಲದಂತೆ ಮಾಡುತ್ತದೆ, ಅದನ್ನು ಮತ್ತೊಂದು ಅಟ್ಯಾಕ್ ಎಂದುಕೊಳ್ಳುತ್ತಾರೆ. ಡಾಕ್ಟರಿಗೆ ಹೇಳಿ, ನೀವೇ ನಿಲ್ಲಿಸಬೇಡಿ, ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟೀತು. ಇನ್ನು ಮಂಡ್ಯ ಕಡೆಯಿಂದ ನೋಡೋಕೆ ಬಂದ ಬೀಗರು, "ನಮ್ಮೂರ್ನಾಗೂ ಒಬ್ರಿಗೆ ಹಿಂಗೇ ಆಗಿತ್ತು ಕಣಣ್ಣ" ಅಂತ ಶುರು ಮಾಡಿದರೆ ಬೇಗ ಕಾಫಿ ಕೊಟ್ಟು ಮಾತು ತಿರುಗಿಸಿ.

ಹೀಗೆ ಬೇಗ ಗಾಬರಿಯಾಗುವವರ ಮನೆಯಲ್ಲಿ ಮೆಷಿನ್ ಹಾಲ್‌ನ ಬೀರುವಿನಲ್ಲಿರಲಿ. ಕಟ್ಟುವುದು, ಬರೆದಿಡುವುದು ಇನ್ನೊಬ್ಬರ ಕೆಲಸ. ಮೆಷಿನ್ ಆತಂಕವನ್ನು ಅಳೆಯುವುದಿಲ್ಲ, ಅದಕ್ಕೆ ಜಿಎಡಿ-7 ಎಂಬ ಪ್ರಶ್ನಾವಳಿ ಇದೆ: ಕಳೆದ ಎರಡು ವಾರದ ಬಗ್ಗೆ 7 ಪ್ರಶ್ನೆ, ಒಂದೊಂದಕ್ಕೂ 0ಯಿಂದ 3. ಒಟ್ಟು 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಡಾಕ್ಟರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು, ಕಾಸಿಲ್ಲ.

ಎದೆ ಹಿಂಡಿದಂತಾಗಿ ನೋವು ಎಡಗೈಗೋ ದವಡೆಗೋ ಹರಿದು ಬೆವರು ಬಂದರೆ ಮಾತ್ರ ಪಟ್ಟಿ ಹುಡುಕುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಅಟ್ಯಾಕ್ ಆಗುತ್ತಿರುವಾಗಲೂ ಮೆಷಿನ್ 120/80 ತೋರಿಸಬಹುದು.