ಮಾತು ತೊಡರಿದ ಹಿರಿಯರಿಗೆ ಚಿತ್ರದ ಪುಸ್ತಕ: ತಗೊಳ್ಳಿ, ಆದರೆ ಅರ್ಧ ಕೆಲಸ ನಿಮ್ಮದೇ

ಸ್ಟ್ರೋಕ್ ಆದ ಮೇಲೆ ಮಾತು ಬರದೆ ಒದ್ದಾಡುವವರಿಗೆ ಅಂತಲೇ ಆನ್‌ಲೈನ್‌ನಲ್ಲಿ ಚಿತ್ರದ ಪುಸ್ತಕಗಳು ಸಿಗುತ್ತವೆ. ನಾವು ಅಪ್ಪನಿಗೆ ತರಿಸಿದ್ದು ಸ್ಪೈರಲ್ ಬೈಂಡಿಂಗ್‌ನದು, ಲ್ಯಾಮಿನೇಟ್ ಮಾಡಿದ ಪುಟಗಳು, ಪುಟಕ್ಕೆ ಹನ್ನೆರಡು ಚಿತ್ರ. ಬೇಕಾದ್ದಕ್ಕೆ ಬೆರಳಿಟ್ಟು ತೋರಿಸಿದರೆ ಆಯಿತು. ಈಗ ದಿನಾ ಬಳಸುತ್ತಿದ್ದೇವೆ, ಹಾಗಾಗಿ ಬರೆಯುತ್ತಿದ್ದೇನೆ.

ಅಪ್ಪನಿಗೆ ಇರುವುದು ಅಫೇಸಿಯಾ, ಅಂದರೆ ಮಿದುಳಿಗೆ ಪೆಟ್ಟಾಗಿ ಮಾತು, ಭಾಷೆ ತೊಡರುವುದು. ಮಿದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದಿದೆ, ಬಲಗೈಯಲ್ಲೂ ಶಕ್ತಿ ಕಡಿಮೆ. ನಾವು ಹೇಳಿದ್ದು ಬಹುಪಾಲು ಅರ್ಥವಾಗುತ್ತದೆ. ಹೇಳಬೇಕಾದ್ದು ಮನಸ್ಸಲ್ಲಿ ಇರುತ್ತದೆ, ಪದ ಸಿಗುವುದಿಲ್ಲ. ಒಂದು ಎರಡು ಮೂರು ಅಂತ ಎಣಿಸುತ್ತಾರೆ, ಭಜನೆಯ ಸಾಲು ತಪ್ಪಿಲ್ಲದೆ ಹೇಳುತ್ತಾರೆ, ಆದರೆ ‘ನೀರು’ ಅನ್ನಲು ಆಗುವುದಿಲ್ಲ. ಇದನ್ನು ನೋಡಿದ ನೆಂಟರು ಬೇಕಂತಲೇ ಮಾತಾಡುವುದಿಲ್ಲ ಅಂದುಕೊಳ್ಳುತ್ತಾರೆ. ಖಂಡಿತ ಹಾಗಲ್ಲ. ಬಾಯಿಪಾಠವಾಗಿ ಬರುವ ಮಾತು ಬೇರೆ, ಯೋಚಿಸಿ ಪದ ಹುಡುಕಿ ಆಡುವ ಮಾತು ಬೇರೆ. ಅಫೇಸಿಯಾದಲ್ಲಿ ಎರಡನೆಯದು ಹೋಗಿ ಮೊದಲನೆಯದು ಉಳಿಯುವುದು ಸಾಮಾನ್ಯ.

ಪುಸ್ತಕದಲ್ಲಿ ನಿಜಕ್ಕೂ ಚೆನ್ನಾಗಿರುವುದು ನೋವಿನ ಪುಟ. ಮುಂದಿನಿಂದ ಒಂದು, ಹಿಂದಿನಿಂದ ಒಂದು ದೇಹದ ಚಿತ್ರ, ಪಕ್ಕದಲ್ಲಿ ನಗುಮುಖದಿಂದ ಅಳುಮುಖದವರೆಗೆ ಸಾಲಾಗಿ ಮುಖಗಳು. ಭುಜಕ್ಕೆ ಬೆರಳಿಟ್ಟು ಕೊನೆಯ ಮುಖ ತೋರಿಸಿದರೆ ಸಾಕು, ಡಾಕ್ಟರಿಗೂ ಗೊತ್ತಾಗುತ್ತದೆ. ಇದೊಂದು ಪುಟಕ್ಕೇ ದುಡ್ಡು ಕೊಡಬಹುದು. ಹಿಂದಿನ ರಟ್ಟಿನಲ್ಲಿ ಜೇಬಿನಲ್ಲಿ ಇಟ್ಟುಕೊಳ್ಳುವ ಕಾರ್ಡ್ ಕೂಡ ಇದೆ: ‘ಸ್ಟ್ರೋಕ್ ಆಗಿ ನನಗೆ ಮಾತಾಡಲು ಕಷ್ಟ. ಬುದ್ಧಿ ಸರಿಯಿದೆ. ನಿಧಾನವಾಗಿ ಮಾತಾಡಿ, ಉತ್ತರಕ್ಕೆ ಸ್ವಲ್ಪ ಕಾಯಿರಿ.’ ಬ್ಯಾಂಕಿನಲ್ಲಿ, ಮೆಡಿಕಲ್ ಸ್ಟೋರ್‌ನಲ್ಲಿ ಇದನ್ನು ತೋರಿಸಿದ ಕೂಡಲೇ ಎದುರಿನವರು ನನ್ನನ್ನು ಬಿಟ್ಟು ಅಪ್ಪನ ಕಡೆ ತಿರುಗಿ ಮಾತಾಡುತ್ತಾರೆ. ಅಪ್ಪನಿಗೆ ಅದು ಎಷ್ಟು ಮುಖ್ಯ ಅಂತ ಅವರ ಮುಖ ನೋಡಿದರೆ ತಿಳಿಯುತ್ತದೆ.

ಇನ್ನು ಕೊರತೆಗಳು. ಊಟದ ಪುಟದಲ್ಲಿ ಬರ್ಗರ್, ಸ್ಯಾಂಡ್‌ವಿಚ್, ಸೂಪ್. ಮುದ್ದೆ ಇಲ್ಲ, ಸಾರು ಇಲ್ಲ, ಮಜ್ಜಿಗೆ ಇಲ್ಲ. ಚಿತ್ರಗಳೆಲ್ಲ ಅಂಗನವಾಡಿ ಗೋಡೆಯ ಮೇಲಿನ ಹಾಗಿವೆ. ಎಪ್ಪತ್ತು ದಾಟಿದ ಮನುಷ್ಯನ ಮುಂದೆ ಮಕ್ಕಳ ಚಿತ್ರ ಇಟ್ಟರೆ ಮನಸ್ಸಿಗೆ ನೋವಾಗುತ್ತದೆ, ಅಲ್ವಾ? ಟ್ಯೂಬ್‌ಲೈಟ್ ಕೆಳಗೆ ಲ್ಯಾಮಿನೇಶನ್ ಹೊಳೆದು ಅರ್ಧ ಪುಟ ಕಾಣುವುದೇ ಇಲ್ಲ. ಹನ್ನೆರಡು ಚಿತ್ರ ಒಟ್ಟಿಗೆ ಇರುವುದೂ ಜಾಸ್ತಿಯೇ, ಕಣ್ಣು ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗದೆ ಅಪ್ಪ ಪುಸ್ತಕ ಮಡಚಿಬಿಡುತ್ತಾರೆ. ಎಲ್ಲಕ್ಕಿಂತ ದೊಡ್ಡ ಕೊರತೆ ಅಂದರೆ ‘ಇದ್ಯಾವುದೂ ಅಲ್ಲ, ಬೇರೆ ಏನೋ’ ಅನ್ನುವ ಚೌಕವೇ ಇಲ್ಲ. ಅದಿಲ್ಲದಿದ್ದರೆ ಅವರು ಬೇರೆ ದಾರಿ ಕಾಣದೆ ಯಾವುದೋ ಒಂದನ್ನು ತೋರಿಸುತ್ತಾರೆ, ನಾವು ಅದನ್ನೇ ನಂಬಿ ಬೇಡದ ಕಾಫಿ ತಂದು ಕೊಡುತ್ತೇವೆ.

ನಾವು ಊಟದ ಪುಟ ಕಿತ್ತು ಹಾಕಿ, ನಮ್ಮ ಅಡುಗೆಮನೆಯ ಲೋಟ, ತಟ್ಟೆ, ಮುದ್ದೆ, ಮಜ್ಜಿಗೆಯ ಫೋಟೋ ತೆಗೆದು ಪುಟಕ್ಕೆ ನಾಲ್ಕರಂತೆ ಅಂಟಿಸಿದೆವು. ಮನೆಯವರ, ಅಕ್ಕಪಕ್ಕದವರ ಫೋಟೋಗೆ ಒಂದು ಪುಟ. ಪ್ರತಿ ಪುಟದ ಮೂಲೆಯಲ್ಲಿ ‘ಬೇರೆ ಏನೋ’ ಅಂತ ದೊಡ್ಡದಾಗಿ ಬರೆದೆವು. ಲ್ಯಾಮಿನೇಶನ್ ಬದಲು ಮ್ಯಾಟ್ ಪೇಪರ್. ಜೆರಾಕ್ಸ್ ಅಂಗಡಿಯಲ್ಲೇ ಎಲ್ಲ ಮಾಡಿಕೊಟ್ಟರು.

ಆದರೂ ಇಂಥ ಪುಸ್ತಕ ನೀರು, ಊಟ, ಬಾತ್‌ರೂಮ್ ಕೇಳುವುದಕ್ಕೆ ಆಗುತ್ತದೆ, ಮಾತುಕತೆಗೆ ಆಗುವುದಿಲ್ಲ. ಅಪ್ಪನಿಗೆ ಮಳೆ ಬಗ್ಗೆ ಹೇಳಬೇಕು, ಅಡಿಕೆ ರೇಟು ಕೇಳಬೇಕು, ಮೊಮ್ಮಗಳ ಪರೀಕ್ಷೆ ಏನಾಯಿತು ಅಂತ ತಿಳಿಯಬೇಕು, ತಮ್ಮನ ಜೊತೆ ಜಗಳ ಆಡಬೇಕು. ಇದಕ್ಕೆ ಕ್ಯಾಲೆಂಡರ್, ಇವತ್ತಿನ ಪೇಪರ್, ಹಳೇ ಆಲ್ಬಮ್, ಒಂದು ದಪ್ಪ ಸ್ಕೆಚ್ ಪೆನ್ ಪುಸ್ತಕದ ಪಕ್ಕದಲ್ಲೇ ಇರಲಿ. ‘ಯಾರ ವಿಷಯ?’ ಅಂತ ಕೇಳಿ ಮೂರು ಹೆಸರು ದೊಡ್ಡದಾಗಿ ಬರೆದು ಮುಂದಿಡಿ, ಬೆರಳು ಒಂದರ ಮೇಲೆ ಹೋಗುತ್ತದೆ. ಆಮೇಲೆ ‘ಒಳ್ಳೇ ಸುದ್ದಿನಾ, ಕೆಟ್ಟದ್ದಾ?’ ಹೀಗೇ ಮುಂದುವರಿಸಿ. ಅಫೇಸಿಯಾದವರು ಬೇಡ ಅನ್ನುವ ಕಡೆ ಹೂಂ ಅಂದುಬಿಡುವುದೂ ಉಂಟು. ಅದಕ್ಕೆ ಕೊನೆಯಲ್ಲಿ ಪ್ರಶ್ನೆ ತಿರುಗಿಸಿ ಕೇಳಿ ಖಚಿತ ಮಾಡಿಕೊಳ್ಳಿ. ಸುಮ್ನೆ ಅರ್ಥವಾದಂತೆ ತಲೆ ಆಡಿಸಬೇಡಿ, ಅವರಿಗೆ ಗೊತ್ತಾಗುತ್ತದೆ. ಕೆನಡಾದ ಟೊರಾಂಟೊದಲ್ಲಿರುವ ಅಫೇಸಿಯಾ ಇನ್‌ಸ್ಟಿಟ್ಯೂಟ್ ಮನೆಯವರಿಗೆ ಕಲಿಸುವುದೂ ಇದನ್ನೇ: ‘ನಿಮಗೆ ಗೊತ್ತಿದೆ ಅಂತ ನನಗೆ ಗೊತ್ತು’ ಅಂತ ಮೊದಲು ಅವರಿಗೆ ಬಾಯಿಬಿಟ್ಟು ಹೇಳಿ, ಆಮೇಲೆ ಬರೆದು, ಚಿತ್ರ ತೋರಿಸಿ, ಸನ್ನೆ ಮಾಡಿ ಮಾತು ಮುಂದುವರಿಸಿ.

ಫೋನಿನ ಆ್ಯಪ್‌ಗಳೂ ಇವೆ, ಚಿತ್ರ ಒತ್ತಿದರೆ ಧ್ವನಿ ಬರುತ್ತದೆ. ಫೋನ್ ಅಭ್ಯಾಸ ಇರುವವರಿಗೆ ಸರಿ. ಒಂದು ಪದಕ್ಕೆ ಮೂರು ಪರದೆ ದಾಟಬೇಕು ಅಂದರೆ ನಮ್ಮ ಅಪ್ಪನಂಥವರಿಗೆ ಸುಸ್ತು.

ಐದಕ್ಕೆ ಮೂರು ಕೊಡುತ್ತೇನೆ, ತಿದ್ದಿಕೊಂಡ ಮೇಲೆ ನಾಲ್ಕು. ಒಂದು ಮಾತು, ಎಲ್ಲರ ಅಫೇಸಿಯಾ ಒಂದೇ ತರಹ ಇರುವುದಿಲ್ಲ. ಕೆಲವರು ಸರಾಗವಾಗಿ ಮಾತಾಡುತ್ತಾರೆ, ಆದರೆ ಮಾತಿಗೆ ಅರ್ಥ ಇರುವುದಿಲ್ಲ, ನಾವು ಹೇಳಿದ್ದೂ ಅವರಿಗೆ ತಿಳಿಯುವುದಿಲ್ಲ. ಅಂಥವರಿಗೆ ಈ ಪುಸ್ತಕ ನೇರವಾಗಿ ಕೊಂಡರೆ ದುಡ್ಡು ದಂಡ. ಮೊದಲು ಸ್ಪೀಚ್ ಥೆರಪಿಸ್ಟ್ ಹತ್ತಿರ ತೋರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಕೇಂದ್ರ ಸರ್ಕಾರದ ವಾಕ್ ಶ್ರವಣ ಸಂಸ್ಥೆ ಇದೆ, ಊರವರು ಸ್ಪೀಚ್ ಅಂಡ್ ಹಿಯರಿಂಗ್ ಅನ್ನುತ್ತಾರೆ. ಬೆಂಗಳೂರಿನವರಿಗೆ ನಿಮ್ಹಾನ್ಸ್‌ನಲ್ಲೂ ಸ್ಪೀಚ್ ಥೆರಪಿಯ ವಿಭಾಗ ಇದೆ. ಅಫೇಸಿಯಾ ಪರೀಕ್ಷೆಗಳು ಕನ್ನಡದಲ್ಲೂ ಇವೆ, ಹೋದಾಗ ಕನ್ನಡದಲ್ಲೇ ಮಾಡಿ ಅಂತ ಕೇಳಿ.