ಅರ್ಧ ಗಂಟೆಗೂ ಜಾಗವಿರುವ ವಾಚ್: ಹಳೆಯ ರೋಲೆಕ್ಸ್ ಜಿಎಂಟಿ 16753

1980ರ ದಶಕದ ರೋಲೆಕ್ಸ್ ಜಿಎಂಟಿ ಮಾಸ್ಟರ್, ಸ್ಟೀಲು ಮತ್ತು ಬಂಗಾರ, ಕಂದು ಡಯಲ್. ಒಟ್ಟಿಗೆ ಎರಡು ದೇಶದ ಹೊತ್ತು ತೋರಿಸುವ ವಾಚು. ಇದರ ಫೋಟೋ, ಅಳತೆ ಎಲ್ಲ ನೀವು ನೋಡಿಯೇ ಇರುತ್ತೀರಿ, ಅದನ್ನು ಮತ್ತೆ ಬರೆಯುವುದಿಲ್ಲ. ನನಗೆ ಹೇಳಬೇಕಿರುವುದು ಅರ್ಧ ಗಂಟೆಯ ವಿಷಯ.

ಮಗಳು ಡಲ್ಲಾಸ್‌ನಲ್ಲಿದ್ದಾಳೆ. ಅಲ್ಲಿಗೂ ದಾವಣಗೆರೆಗೂ ಬೇಸಿಗೆಯಲ್ಲಿ ಹತ್ತೂವರೆ ಗಂಟೆ ಅಂತರ, ಚಳಿಗಾಲದಲ್ಲಿ ಹನ್ನೊಂದೂವರೆ. ನಮ್ಮ ದೇಶದ ಸಮಯ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿದೆ. ಹಾಗಾಗಿ ದುಬೈ ಇರಲಿ, ಲಂಡನ್ ಇರಲಿ, ಅಮೆರಿಕ ಇರಲಿ, ಲೆಕ್ಕದಲ್ಲಿ ಅರ್ಧ ಗಂಟೆ ಉಳಿದುಬಿಡುತ್ತದೆ. ಈಗಿನ ಹೊಸ ರೋಲೆಕ್ಸ್ ಜಿಎಂಟಿಗಳ ಬೆಜೆಲ್, ಅಂದರೆ ಡಯಲ್ ಸುತ್ತ 24 ಗಂಟೆ ಬರೆದಿರುವ ಉಂಗುರ, 24 ಕ್ಲಿಕ್‌ಗಳಲ್ಲಿ ತಿರುಗುತ್ತದೆ. ಒಂದು ಕ್ಲಿಕ್ಕಿಗೆ ಒಂದು ಗಂಟೆ. ನಡುವೆ ನಿಲ್ಲುವುದಿಲ್ಲ, ಅರ್ಧ ಗಂಟೆಯನ್ನು ನಾವೇ ಮನಸ್ಸಿನಲ್ಲಿ ಸೇರಿಸಿಕೊಳ್ಳಬೇಕು. ಈ ಹಳೆಯದರಲ್ಲಿ ಕ್ಲಿಕ್ಕೇ ಇಲ್ಲ. ಎರಡು ಬೆರಳಲ್ಲಿ ಹಿಡಿದು ತಿರುಗಿಸಿದರೆ ಎಲ್ಲಿ ಬಿಡುತ್ತೀರೋ ಅಲ್ಲೇ ನಿಲ್ಲುತ್ತದೆ. 1950ರ ದಶಕದಲ್ಲಿ ಅಮೆರಿಕದ ಪ್ಯಾನ್ ಆಮ್ ವಿಮಾನ ಕಂಪನಿಯ ಪೈಲಟ್‌ಗಳಿಗಾಗಿ ಶುರುವಾದ ಮಾದರಿ ಇದು. ಯಾರಿಗೆ ಮಾಡಿದ್ದರೇನು, ಅರ್ಧ ಗಂಟೆಯ ನಮಗೆ ಇದಕ್ಕಿಂತ ಚೆನ್ನಾಗಿ ಹೊಂದುವ ವಾಚು ನನಗಂತೂ ಸಿಕ್ಕಿಲ್ಲ.

ನನ್ನದು ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲ್ಲಾಲಿ ಅಂಗಡಿ. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆದು, ದೇವರಿಗೆ ಊದುಬತ್ತಿ ಹಚ್ಚಿ, ಗಾದಿ ಮೇಲೆ ಕೂತು ಮೊದಲು ನೋಡುವುದು ದಿನಕ್ಕೆ ಒಂದೇ ಸುತ್ತು ಹಾಕುವ 24 ಗಂಟೆಯ ಮುಳ್ಳನ್ನು. ಚಳಿಗಾಲದಲ್ಲಿ ಆಗ ಅದು ಬೆಜೆಲ್ ಮೇಲಿನ 20ಕ್ಕೂ 21ಕ್ಕೂ ನಟ್ಟನಡುವೆ ಇರುತ್ತದೆ. ಅಲ್ಲಿ ರಾತ್ರಿ ಎಂಟೂವರೆ. ಮೊಮ್ಮಗಳು ಇನ್ನೂ ಮಲಗಿಲ್ಲ, ಫೋನ್ ಮಾಡಬಹುದು. ಮಾರ್ಚ್‌ನ ಎರಡನೇ ಭಾನುವಾರ ಅವರು ಗಡಿಯಾರ ಒಂದು ಗಂಟೆ ಮುಂದಕ್ಕೆ ಹಾಕುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ. ಆಗ ನಾನೂ ಬೆಜೆಲ್ ಸರಿಸುತ್ತೇನೆ. ಮಾರ್ಚ್‌ನಲ್ಲಿ ಎಡಕ್ಕೆ ಒಂದು ಗಂಟೆ, ನವೆಂಬರ್‌ನಲ್ಲಿ ಬಲಕ್ಕೆ. ಮಗಳಿಗೂ ಇದು ಗೊತ್ತು. "ಅಪ್ಪಾಜಿ, ತಿರುಗಿಸಿದ್ರಾ?" ಅಂತ ಕೇಳುತ್ತಾಳೆ.

"ಫೋನ್ ನೋಡಿದ್ರೆ ಗೊತ್ತಾಗಲ್ವಾ ರೀ?" ಅಂತ ಮನೆಯವಳು ಕೇಳಿದ್ದಳು. ಗೊತ್ತಾಗುತ್ತದೆ. ಆದರೆ ಫೋನ್ ತೆಗೆದರೆ ಮೊದಲು ಕಾಣುವುದು ಇವತ್ತಿನ ರೇಟು ಕೇಳುವವರ ಮೆಸೇಜು.

ಇನ್ನು ಎರಡು ಬಣ್ಣದ ಮಾತು. ಸ್ಟೀಲು–ಬಂಗಾರದ ಈ ಜೋಡಿಗೆ ರೋಲೆಸರ್ ಎಂಬ ಹೆಸರನ್ನು ಕಂಪನಿ 1933ರಲ್ಲೇ ನೋಂದಾಯಿಸಿತ್ತು. ಬೆಜೆಲ್‌ನ ಉಂಗುರ, ಚಾವಿ, ಚೈನಿನ ನಡುವಿನ ಕೊಂಡಿಗಳು ಬಂಗಾರದವು. ಪೂರ್ತಿ ಬಂಗಾರದ ವಾಚನ್ನು ನಾನು ಮಂಡಿಗೆ ಕಟ್ಟಿಕೊಂಡು ಹೋಗಲಾರೆ. ಬೆಳೆ ತಂದ ರೈತನ ಎದುರು ಅಷ್ಟು ಬಂಗಾರ ತೋರಿಸಿ ರೇಟು ಮಾತಾಡುವುದು ನನಗೆ ಸರಿ ಕಾಣುವುದಿಲ್ಲ. ಇದು ಹಾಗಲ್ಲ. ದೂರದಿಂದ ಸಾದಾ ಸ್ಟೀಲಿನ ವಾಚು. ಬಂಗಾರ ಕಾಣಬೇಕಾದರೆ ಹತ್ತಿರ ಬರಬೇಕು. ಬಂದವರು ಬಿಡುವುದಿಲ್ಲ ಅನ್ನಿ. "ಸಾವ್ಕಾರ್ರೇ, ಇದರಾಗ ಬಂಗಾರ ಎಷ್ಟು ಗ್ರಾಂ ಐತಿ?" ಅಂತ ಹಮಾಲರು ಕೇಳುತ್ತಲೇ ಇರುತ್ತಾರೆ.

ಡಯಲ್ ಬಗ್ಗೆ ಬರೆಯದೆ ಇರಲಾಗುವುದಿಲ್ಲ. ಅಂಗಡಿಯೊಳಗೆ ಅದು ಕಪ್ಪೇ ಅನ್ನುವಷ್ಟು ಗಾಢ ಕಂದು. ಹೊರಗೆ ಲಾರಿ ಹತ್ತಿರ ಬಿಸಿಲಿಗೆ ನಿಂತರೆ ನಡುವಿನಿಂದ ಅಂಚಿನವರೆಗೆ ಬಂಗಾರದ ಹೊಳಪು ಹರಡುತ್ತದೆ. ಗಂಟೆಯ ಗುರುತುಗಳು ಸಣ್ಣ ಬಂಗಾರದ ಬಟ್ಟಲುಗಳು, ಒಳಗೆ ಕತ್ತಲಲ್ಲಿ ಹೊಳೆಯಲೆಂದು ಹಾಕಿದ ಟ್ರಿಟಿಯಂ ಬಣ್ಣ. ಟ್ರಿಟಿಯಂ ಹನ್ನೆರಡು ವರ್ಷ ಚಿಲ್ಲರೆಗೆ ಅರ್ಧ ಶಕ್ತಿ ಕಳೆದುಕೊಳ್ಳುತ್ತದೆ, ಹಾಗಾಗಿ ಕತ್ತಲಲ್ಲಿ ಈಗ ಏನೂ ಕಾಣುವುದಿಲ್ಲ. ಆದರೆ ಆ ಬಿಳಿ ಬಣ್ಣ ಮಾಗಿ ಕೆನೆಬಣ್ಣಕ್ಕೆ ತಿರುಗಿದೆ, ಕಂದಿನ ಮೇಲೆ ಅದೇ ಚೆಂದ. ಬೆಜೆಲ್ ಮೇಲಿನ ಅಲ್ಯೂಮಿನಿಯಂ ಪಟ್ಟಿಯೂ ಬಿಸಿಲಿಗೆ ಮಾಸಿದೆ. ಬದಲಿಸುವ ಯೋಚನೆ ನನಗಿಲ್ಲ.

ಚೈನ್ ಬಗ್ಗೆ ಮಾತ್ರ ನನಗೆ ಸಮಾಧಾನವಿಲ್ಲ. ಜುಬಿಲಿ ಚೈನ್, ಸಾಲಿಗೆ ಐದು ಸಣ್ಣ ಕೊಂಡಿ, ಒಳಗೆ ಟೊಳ್ಳು. ಅಕ್ಟೋಬರ್ ದಾಟಿತೆಂದರೆ ಮಂಡಿಯಲ್ಲಿ ಜೋಳದ ರಾಶಿ, ಗಾಳಿ ತುಂಬ ಹಳದಿ ದೂಳು. ಅದು ಕೊಂಡಿಗಳ ಸಂದಿಗೆ ಸೇರಿ, ಬೆವರಿನ ಜೊತೆ ಅರೆಯುತ್ತಾ ಒಳಗಿನ ಪಿನ್ನು, ತೂತು ಎರಡನ್ನೂ ಸವೆಸುತ್ತದೆ. ವಾಚನ್ನು ಅಡ್ಡ ಹಿಡಿದರೆ ಚೈನ್ ಜೋತು ಬೀಳುತ್ತದೆ. ವಾರಕ್ಕೊಮ್ಮೆ ಚಾವಿ ಬಿಗಿಯಾಗಿ ತಿರುಗಿಸಿಟ್ಟು, ಒದ್ದೆ ಮಾಡಿದ ಮೆತ್ತನೆ ಟೂತ್‌ಬ್ರಶ್‌ನಲ್ಲಿ ಸೋಪು ಹಚ್ಚಿ ಉಜ್ಜುತ್ತೇನೆ. ಬಟ್ಟಲಿನ ನೀರು ಹಳದಿಯಾಗುತ್ತದೆ. ಬೆಜೆಲ್ ಕೆಳಗಿನ ದೂಳನ್ನೂ ತಿರುಗಿಸುತ್ತಾ ತೆಗೆಯಬೇಕು. ಇಲ್ಲದಿದ್ದರೆ ನಾನು ಇಷ್ಟು ಹೊಗಳಿದ ಆ ಬೆಜೆಲ್ ಕರಕರ ಅನ್ನುತ್ತಾ ಹಿಡಿದುಕೊಳ್ಳುತ್ತದೆ.

ಚೈನ್ ಬಿಗಿ ಮಾಡಿಸಲು ದೊಡ್ಡ ಊರಿನ ಒಂದು ರಿಪೇರಿ ಅಂಗಡಿಗೆ ಕೊಟ್ಟಿದ್ದೆ. ಪಾಲಿಶ್ ಮಾಡಬಾರದು ಎಂದು ರಶೀದಿಯಲ್ಲಿ ಬರೆಸಿದ್ದೆ. ವಾಪಸ್ ಬಂದಾಗ ವಾಚು ಫಳಫಳ ಹೊಳೆಯುತ್ತಿತ್ತು. ಚೈನ್ ಸೇರುವ ನಾಲ್ಕು ಮೂಲೆಗಳ ಅಂಚು ಉಗುರು ತಾಗಿಸಿದರೆ ಗೊತ್ತಾಗುವಷ್ಟು ಚೂಪಾಗಿದ್ದವು, ಈಗ ಸವೆದು ಗುಂಡಗಾಗಿವೆ. "ಫ್ರೀಯಾಗಿ ಮಾಡಿಕೊಟ್ವಿ ಸರ್" ಅಂದರು. ಹೋದ ಲೋಹ ಮತ್ತೆ ಬರುವುದಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ಉಳಿದಿದ್ದ ಅಂಚು ಒಂದು ಮಧ್ಯಾಹ್ನದಲ್ಲಿ ಹೋಯಿತು. ನನಗೆ ಆ ಸಿಟ್ಟು ಇನ್ನೂ ಇಳಿದಿಲ್ಲ. ಚೈನ್ ಮಾತ್ರ ಸ್ವಲ್ಪ ಬಿಗಿಯಾಗಿದೆ.

ಗಾಜಿನ ವಿಷಯದಲ್ಲಿ ಇಂಥ ಭಯವಿಲ್ಲ. ಇದು ಅಕ್ರಿಲಿಕ್. ಚೀಲಕ್ಕೆ, ತಕ್ಕಡಿಗೆ ತಾಗಿ ಗೀರು ಬೀಳುತ್ತಲೇ ಇರುತ್ತದೆ. ಹತ್ತಿ ಬಟ್ಟೆಗೆ ಪಾಲಿಶ್ ಪೇಸ್ಟ್ ಹಚ್ಚಿ, ತಾರೀಖಿನ ಮೇಲಿನ ಉಬ್ಬು ಬಿಟ್ಟು, ಸುಮ್ನೆ ಐದು ನಿಮಿಷ ತಿಕ್ಕಿದರೆ ಮಾಯ. ಮನೆಯಲ್ಲೇ ಆಗುವ ಕೆಲಸ. ಬಳಸುವವನ ಕೈಗೆ ಇಷ್ಟಾದರೂ ಬಿಟ್ಟಿದ್ದಾರಲ್ಲ ಅಂತ ಖುಷಿ.

ಕಾರು ಬದಲಿಸಲು ಇಟ್ಟಿದ್ದ ದುಡ್ಡಲ್ಲಿ ಇದನ್ನು ಕೊಂಡೆ. ಹಳೆ ಕಾರು ಇನ್ನೂ ಓಡುತ್ತಿದೆ. ಬಂಗಾರ ಬೇಕಿದ್ದರೆ ಮಂಡಿಪೇಟೆಗೆ ಹೋಗಿ 22 ಕ್ಯಾರಟ್‌ದೇ ತಗೊಳ್ಳಿ. ಕೊಂಡು ಲಾಕರಿನಲ್ಲಿ ಇಡುವ ಆಲೋಚನೆ ಇದ್ದರೂ ಬೇಡ, ಇದು ಕಟ್ಟಿಕೊಳ್ಳುವ ವಾಚು. ಹೊರದೇಶದಲ್ಲಿ ಮಕ್ಕಳಿದ್ದು, ದಿನಾ ಅಲ್ಲಿಯ ಹೊತ್ತು ನೋಡುವ ಅಭ್ಯಾಸ ಇದ್ದರೆ ಮಾತ್ರ ಹುಡುಕಿ. ಕೊಳ್ಳುವಾಗ ಅಡ್ಡ ಹಿಡಿದು ಚೈನ್ ಎಷ್ಟು ಜೋತು ಬೀಳುತ್ತದೆ ನೋಡಿ. ತೇವ ಇರುವ ಜೋಳಕ್ಕೆ ನಾವು ಕಡಿತ ಹಾಕುವ ಹಾಗೆ ಅದಕ್ಕೂ ಬೆಲೆ ಕಡಿಮೆ ಮಾಡಿಸಿ. ಮೂಲೆಗಳ ಅಂಚಿಗೆ ಉಗುರು ತಾಗಿಸಿ ನೋಡಿ. ಆಮೇಲೆ ಬೆಜೆಲ್ ತಿರುಗಿಸಿ, ಎರಡು ಗಂಟೆಗಳ ನಡುವೆ ನಿಲ್ಲಿಸಿ, ಕೈ ಅಲುಗಾಡಿಸಿ. ಅಲ್ಲಿಂದ ಸರಿದರೆ ಆ ವಾಚು ಬೇಡ.